‘ಕಟ್’ ಧಾತು ಮೀಮಾಂಸೆ

ಆಂಗ್ಲ ಮೂಲದ ‘ಕಟ್’ ಧಾತುವನ್ನು ಶಬ್ದಮಣಿದರ್ಪಣದಲ್ಲಿ ಸೇರಿಸದೆ ಕೇಶಿರಾಜ ದೊಡ್ಡ ಲೋಪ ಎಸಗಿದ್ದಾನೆ. ಹದಿಮೂರನೆಯ ಶತಮಾನದಲ್ಲಿ ಇಂಗ್ಲಿಷರು ಇತ್ತ ಬಂದೇ ಇರಲಿಲ್ಲ ಎಂಬುದು ವಿದ್ವಾಂಸರು ಒಪ್ಪುವ ನೆಪವಲ್ಲ. ಆ ಕೊರತೆ ತುಂಬಲು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಜನ ಹಗಲಿರುಳು ದುಡಿಯುತ್ತಿದ್ದಾರೆ.

ಈ ಧಾತುವಿಗೆ ರೂಪ ಎರಡು: ‘ಕಟ್ ಮಾಡು’ ಮತ್ತು ‘ಕಟ್ ಆಗು’. ಮೊದಲನೆಯದಕ್ಕೆ ಕರ್ತೃ ಬೇಕೇ ಬೇಕು, ಎರಡನೆಯದಕ್ಕೆ ಇರಕೂಡದು. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ರೈತ ನೀರು ಯಾಕೆ ಬಂದಿಲ್ಲ ಎಂದು ಕೇಳಿದರೆ ಸಿಗುವ ಉತ್ತರ, ‘ಮ್ಯಾಲೆ ಕಟ್ ಆಗ್ಯಾದ್ರಿ’. ಈ ‘ಮ್ಯಾಲೆ’ ನೋಡಲು ಅವ್ಯಯ, ಅಸಲಿಗೆ ಕರ್ತೃವಿನ ಕಾಯಂ ವಿಳಾಸ. ಅದೇ ರೈತ ರಾತ್ರಿ ಕಾಲುವೆ ಒಡ್ಡಿಗೆ ಗುದ್ದಲಿ ಹಾಕಿದನೋ, ಬೆಳಗಾಗುವುದರೊಳಗೆ ಕ್ರಿಯಾಪದ ‘ಕಟ್ ಮಾಡ್ಯಾನ’ ಎಂದು ಬದಲಾಗಿ, ಕರ್ತೃ ತಂದೆ ಹೆಸರು, ಸರ್ವೆ ನಂಬರ್ ಸಮೇತ ಪ್ರತ್ಯಕ್ಷನಾಗುತ್ತಾನೆ.

ಇನ್ನು ಇತಿಹಾಸ. ಅಶೋಕನ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದೇ ಇದ್ದು, ಹೆಸರು ಮಾತ್ರ ಕಟ್ ಆಗಿತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನದಲ್ಲಿ ‘ಅಶೋಕ’ ಎಂದು ಸ್ಪಷ್ಟವಾಗಿ ಸಿಕ್ಕಿತು. ಈ ಸೀಮೆಯಲ್ಲಿ ಸರ್ಕಾರಿ ಆದೇಶವೊಂದು ತನ್ನ ಕರ್ತೃವಿನ ಹೆಸರು ಒಪ್ಪಿಕೊಂಡದ್ದು ಅದೇ ಕೊನೆ ಎಂಬುದು ನಮ್ಮ ಪಕ್ಷ. ಶಾಸನದ ಸಾಲುಗಳಲ್ಲಿ ನಡುನಡುವೆ ಅಕ್ಷರಗಳು ಅಳಿಸಿಹೋಗಿವೆ. ಕೆತ್ತುವಾಗ ಕರೆಂಟ್ ಕಟ್ ಆಗಿತ್ತೆಂಬ ವಾದವನ್ನು ಇಲ್ಲಿ ಖಂಡಿಸಲಾಗಿದೆ.

ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರಿಗೆ 1905ರಲ್ಲಿ ಆ ಪದವಿಯೇ ಕಟ್ ಆಯಿತು. ಮುಂದೆ ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಊರುಗಳನ್ನು ಕಟ್ ಮಾಡಿ ಮಸ್ಕಿ ತಾಲ್ಲೂಕು ಕಟ್ಟಿದರು. ಕತ್ತರಿಸುವುದೂ ಕಟ್ಟುವುದೂ ಒಂದೇ ಎಂಬ ಅದ್ವೈತ ಇಲ್ಲಿ ಸಿದ್ಧಿಸಿದೆ.

ಸಿಂಧನೂರಿನ ಭತ್ತದ ಪ್ರಯೋಗಗಳು ಇನ್ನೂ ಸಮೃದ್ಧ. ಗದ್ದೆಗೆ ಕಟಿಂಗ್ ಮಷಿನ್ ಬಂದರೆ ಸಂತೋಷ. ಅದೇ ಭತ್ತ ಚೀಲಕ್ಕೆ 75 ಕೆ.ಜಿ.ಯಂತೆ ತೂಕಕ್ಕೆ ನಿಂತಾಗ ಹಸಿ ಎಂದು ಒಂದಿಷ್ಟು ಕಟ್, ಧೂಳು ಎಂದು ಇನ್ನೊಂದಿಷ್ಟು ಕಟ್. ಸೋನಾ ಮಸೂರಿ ಎಷ್ಟು ಸಣ್ಣ ಅಕ್ಕಿಯಾದರೂ ಇನ್ನೂ ಸಣ್ಣದು ಮಾಡುವ ವಿದ್ಯೆ ಇದು.

ಧಾತುವಿನ ಮಹಾಪ್ರಯೋಗ ನಡೆದದ್ದು 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟ್‌ಗಳ ಪೈಕಿ 19ನೆಯದರ ಚೈನ್ ಕಟ್ ಆಗಿ, ಗೇಟೇ ಕೊಚ್ಚಿಹೋಯಿತು. ತುಂಬಿದ ಅಣೆಕಟ್ಟೆಯ ನೀರು ಹೊಳೆಗೆ ಹರಿಯುತ್ತಿದ್ದರೆ ಕಾಲುವೆಯ ರೈತರ ನಿದ್ದೆ ಕಟ್. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂತಿತು. ಚೈನ್ ಮಾತ್ರ ವ್ಯಾಕರಣದ ಪ್ರಕಾರ ತಾನಾಗಿಯೇ ‘ಆಗಿತ್ತು’, ಯಾರೂ ‘ಮಾಡಿರಲಿಲ್ಲ’.

ಹೆಚ್ಚಿನ ಸಂಶೋಧನೆ ಮಾಡಬಯಸುವವರಲ್ಲಿ ಒಂದು ವಿನಂತಿ: ಮುಂದಿನ ಸಲ ಯಾರಾದರೂ ಫೋನಿನಲ್ಲಿ ‘ಕಟ್ ಆಗ್ಯಾದ್ರಿ’ ಎಂದರೆ ‘ಯಾರು ಮಾಡ್ಯಾರ್ರಿ?’ ಎಂದು ಕೇಳಿ. ಉತ್ತರ ಬರುವ ಮೊದಲೇ ಕಾಲ್ ಕಟ್ ಆದರೆ, ಅದನ್ನೂ ಉದಾಹರಣೆಯಾಗಿ ಬರೆದಿಟ್ಟುಕೊಳ್ಳಿ.