ರೆಕಾರ್ಡ್ ಪುಸ್ತಕದ ತಾತ್ವಿಕ ನೆಲೆಗಳು: ಪ್ರಥಮ ಪಿಯುಸಿ ರಸಾಯನಶಾಸ್ತ್ರವನ್ನು ಕುರಿತ ಒಂದು ಅಧ್ಯಯನ

ಜೂನ್‌ನಿಂದ ದಸರಾ ರಜೆಯವರೆಗಿನ ಕಾಲಘಟ್ಟದಲ್ಲಿ ಪ್ರಥಮ ಪಿಯುಸಿ ವಿದ್ಯಾರ್ಥಿಯು ರಸಾಯನಶಾಸ್ತ್ರದೊಂದಿಗೆ ನಡೆಸುವ ಅನುಸಂಧಾನದ ಬಹುಮುಖಿ ಆಯಾಮಗಳನ್ನು ಸಮಕಾಲೀನ ಪರಿಪ್ರೇಕ್ಷ್ಯದಲ್ಲಿ ಶೋಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಕ್ಷೇತ್ರದಲ್ಲಿ ಪೂರ್ವಸೂರಿಗಳು ಕೆಲಸ ಮಾಡಿಲ್ಲ. ಅವರೆಲ್ಲ ರೆಕಾರ್ಡ್ ಬರೆಯುತ್ತಿದ್ದರು.

ರೆಕಾರ್ಡ್ ಎಂಬುದು ಗಟ್ಟಿ ರಟ್ಟಿನ ದ್ವಿಸ್ತರೀಯ ಪಠ್ಯ. ಗೆರೆ ಹಾಕಿದ ಬಲಪುಟದ್ದು ಪೆನ್ನಿನ ಸಂಕಥನ: ಉದ್ದೇಶ, ತತ್ವ, ವಿಧಾನ. ಖಾಲಿ ಎಡಪುಟದ್ದು ಪೆನ್ಸಿಲಿನ ಸಂಕಥನ: ಬ್ಯೂರೆಟ್ಟಿನ ಚಿತ್ರ, ರೀಡಿಂಗಿನ ಕೋಷ್ಟಕ. ಪೆನ್ಸಿಲೇ ಏಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿದೆ: ಅಳಿಸಬಹುದು.

10 ಮಿ.ಲೀ. ಆಕ್ಸಾಲಿಕ್ ಆಮ್ಲವನ್ನು ಪಿಪೆಟ್ಟಿನಲ್ಲಿ ಎಳೆದು, ಎರಡು ಹನಿ ಫಿನಾಲ್ಫ್ಥಲೀನ್ ಹಾಕಿ, ಬ್ಯೂರೆಟ್ಟಿನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡುವ ಟೈಟ್ರೇಶನ್ನನ್ನೇ ತೆಗೆದುಕೊಳ್ಳೋಣ. ಇಲ್ಲಿ ದೊರೆಯುವ ರೀಡಿಂಗುಗಳನ್ನು ಪ್ರಾಪ್ತಿಮೂಲದ ನೆಲೆಯಲ್ಲಿ ಏಳು ಪ್ರಭೇದಗಳಾಗಿ ವಿಂಗಡಿಸಬಹುದು. ಮೊದಲನೆಯದು ಪರಂಪರಾಗತ ರೀಡಿಂಗ್. ಸೀನಿಯರ್ ಅಣ್ಣನ ರೆಕಾರ್ಡಿನಿಂದ ಇಳಿದು ಬಂದದ್ದು. ಎರಡನೆಯದು ನಿಗಮನಾತ್ಮಕ ರೀಡಿಂಗ್. ಆಮ್ಲ 0.05 ಮೋಲಾರ್, ಉತ್ತರ 0.1 ಮೋಲಾರ್ ಬರಬೇಕು ಎಂಬುದು ಲ್ಯಾಬಿಗೆ ಕಾಲಿಡುವ ಮೊದಲೇ ಗೊತ್ತಿರುತ್ತದೆ. ಅಲ್ಲಿಂದ ಹಿಮ್ಮುಖವಾಗಿ ಲೆಕ್ಕ ಹಾಕಿಕೊಂಡು ಬಂದರೆ ಬ್ಯೂರೆಟ್ ಸಿಗುತ್ತದೆ. 10.0, 10.1, 10.0. ನಡುವಿನ 10.1 ನೈಜತೆಗಾಗಿ. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಔಚಿತ್ಯ ಎನ್ನುತ್ತಾರೆ. ಮೂರನೆಯದು ಸಾಮುದಾಯಿಕ ರೀಡಿಂಗ್: ಒಂದು ಬ್ಯೂರೆಟ್ಟಿನ ಸುತ್ತ ಎಂಟು ಮಂದಿ ನಿಂತು, ನಲ್ಲಿ ತಿರುಗಿಸಿದವನು ಹೇಳಿದ್ದನ್ನು ಉಳಿದವರು ಬರೆದುಕೊಳ್ಳುವುದು. ಮಿಕ್ಕ ನಾಲ್ಕನ್ನು ಬಿಡುತ್ತೇನೆ. ಎಲ್ಲವೂ ಅದೇ.

ಆಕರಗ್ರಂಥದ, ಅಂದರೆ ಅಣ್ಣನ ರೆಕಾರ್ಡಿನ, ಕಾಲಾತೀತತೆಯ ಬಗ್ಗೆ ಒಂದು ಮಾತು. 2019ರ ಮೇ 20ರಂದು ಮೋಲ್‌ನ ವ್ಯಾಖ್ಯೆಯೇ ಜಗತ್ತಿನಾದ್ಯಂತ ಬದಲಾಯಿತು. 12 ಗ್ರಾಂ ಕಾರ್ಬನ್-12ರ ಹಂಗು ಕಳಚಿ, 6.02214076 × 10²³ ಎಂಬ ನಿಖರ ಸಂಖ್ಯೆಯೇ ಮೋಲ್ ಆಯಿತು. ಅಣ್ಣನ ರೆಕಾರ್ಡಿನಲ್ಲಿ ಕಾಗುಣಿತದ ತಪ್ಪು ಕೂಡ ಕದಲಲಿಲ್ಲ.

ತಮಾಷೆ ಸಾಕು. ಆ ಪ್ರಯೋಗ ನಿಜಕ್ಕೂ ಎಷ್ಟು ಚೆಂದ! ಹನಿ ಬಿದ್ದಲ್ಲಿ ಗುಲಾಬಿ ಬಣ್ಣ ಮೂಡುತ್ತದೆ, ಫ್ಲಾಸ್ಕ್ ಅಲ್ಲಾಡಿಸಿದರೆ ಮಾಯ. ಮೂಡುವುದು, ಮಾಯವಾಗುವುದು, ಕೊನೆಗೆ ಯಾವುದೋ ಒಂದು ಹನಿಗೆ ಬಣ್ಣ ಹೋಗದೆ ನಿಂತುಬಿಡುತ್ತದೆ. ಹದಿನಾರರ ವಯಸ್ಸಿನವರಿಗೆ ಅದನ್ನು ತಮ್ಮ ಕೈಯಾರೆ ಒಮ್ಮೆ ಮಾಡಲು ಬಿಡದೆ, ಅದರ ಬಗ್ಗೆ ನಲವತ್ತು ಪುಟ ನಕಲು ಮಾಡಿಸುವುದನ್ನು ಶಿಕ್ಷಣ ಎಂದು ಕರೆಯಲು ಎಂಥ ಧೈರ್ಯ ಬೇಕು?

ನಮ್ಮ ಬ್ಯಾಚಿನಲ್ಲಿ, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಹುಡುಗಿಯೊಬ್ಬಳು ಒಮ್ಮೆ ಕೇಳಿದಳು: "ಸಾರ್, ಮುಗಿದ ಮೇಲೆ ಹಾಗೇ ಇಟ್ಟಿದ್ದೆ, ಪಿಂಕ್ ಹೊರಟೇಹೋಯ್ತು. ಯಾಕೆ ಸಾರ್?"

"ಅದು ಪೋರ್ಷನ್‌ನಲ್ಲಿಲ್ಲಮ್ಮ. ರೆಕಾರ್ಡ್ ತಂದ್ಯಾ?"

ಅವರನ್ನೊಬ್ಬರನ್ನೇ ದೂರಿ ಫಲವಿಲ್ಲ. ಸಿಇಟಿಗೆ ಪಾಠ ಮುಗಿಸುವ ಧಾವಂತ ಅವರದು. ಆದರೆ ಉತ್ತರ ಬಹಳ ಸಣ್ಣದಿತ್ತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ದ್ರಾವಣದಲ್ಲಿ ಕರಗಿ ಆಮ್ಲವಾಗುತ್ತದೆ, ಆ ಕೊನೆಯ ಹನಿಯ ಕ್ಷಾರವನ್ನು ತಿಂದುಹಾಕುತ್ತದೆ, ಬಣ್ಣ ಹೋಗುತ್ತದೆ. ಸೋಡಿಯಂ ಹೈಡ್ರಾಕ್ಸೈಡನ್ನು ತಕ್ಕಡಿಯಲ್ಲಿ ತೂಗಿ ನಂಬುವಂತಿಲ್ಲ ಎನ್ನುವುದಕ್ಕೂ ಅದೇ ಗಾಳಿ ಒಂದು ಕಾರಣ. ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಆ ಕ್ಷಾರ ಹೀರುತ್ತಲೇ ಇರುತ್ತದೆ. ಅದಕ್ಕೇ ಆಕ್ಸಾಲಿಕ್ ಆಮ್ಲವನ್ನು ತೂಗಿ, ಅದರಿಂದ ಇದನ್ನು ಅಳೆಯುವುದು. ಇಡೀ ಪ್ರಯೋಗ ಇರುವುದೇ ಅದಕ್ಕಾಗಿ. ಬಲಪುಟದಲ್ಲಿ 'ತತ್ವ' ಎಂಬ ತಲೆಬರಹದಡಿ ನಾವೆಲ್ಲ ಅರ್ಥವಾಗದೆ ಇಳಿಸಿಕೊಂಡ ಹನ್ನೆರಡು ಸಾಲಿನಲ್ಲಿ ಇದಿರಲಿಲ್ಲ. ಅವಳು ರೆಕಾರ್ಡ್ ತಂದಿರಲಿಲ್ಲವಾದ್ದರಿಂದ ಅವಳನ್ನು ಹೊರಗೆ ನಿಲ್ಲಿಸಲಾಯಿತು.