ಗ್ಯಾರೇಜಿನ ಸ್ವಯಂಪಾಕಿ

ಡೆಟ್ರಾಯಿಟ್ ಸುತ್ತಮುತ್ತಲಿನ ನೋವೈ, ಟ್ರಾಯ್, ಕ್ಯಾಂಟನ್ ಯಾವ ಊರೇ ಆಗಲಿ, ಹತ್ತು ಕನ್ನಡದ ಮನೆಗಳಿದ್ದರೆ ಅದರಲ್ಲೊಂದು ಸ್ವಯಂಪಾಕಿಯದು. ಅಡುಗೆಮನೆಗೂ ಇವರಿಗೂ ಅಷ್ಟಕ್ಕಷ್ಟೆ. ಇವರ ಮಡಿಯೆಲ್ಲ ಗ್ಯಾರೇಜಿನಲ್ಲಿ. ಪರರು ಮುಟ್ಟಿದ ವಾಹನ ಇವರಿಗೆ ಆಗಿಬರುವುದಿಲ್ಲ. ಬ್ರೇಕ್ ಪ್ಯಾಡು, ನಲ್ಲಿಯ ವಾಷರು, ಬಟ್ಟೆ ಒಗೆಯುವ ಯಂತ್ರದ ಬೆಲ್ಟು, ಎಲ್ಲವೂ ಸ್ವಹಸ್ತದಿಂದಲೇ ರಿಪೇರಿಯಾಗಬೇಕು; ಕೆಟ್ಟರೂ ಸ್ವಹಸ್ತದಿಂದಲೇ ಕೆಡಬೇಕು.

ಊರಿನಲ್ಲಿದ್ದಾಗ ಇವರು ಹೀಗಿರಲಿಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಸ್ಕೂಟರಿನ ಪ್ಲಗ್ ಒರೆಸುವುದಕ್ಕೂ ಮೂಲೆಯ ಗ್ಯಾರೇಜಿನ ಹುಡುಗನನ್ನು ಕೂಗುತ್ತಿದ್ದರು. ಈಗಲೂ ಹಗಲೆಲ್ಲ ಮಾಡುವುದು ಕೈ ಕೊಳೆಯಾಗದ ಕೆಲಸವೇ: ಕಾರಿನೊಳಗೆ ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ಮೂಡಿಸುವುದು. ಕಾಯಕದ ಮಹಿಮೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇನೋ ಉಂಟು. ಅದು ಎದೆಗೆ ಇಳಿದದ್ದು ಮಾತ್ರ ಇಲ್ಲಿನ ವರ್ಕ್‌ಶಾಪಿನ ಗೋಡೆಯ ಮೇಲೆ ‘ಕೂಲಿ ಗಂಟೆಗೆ 150 ಡಾಲರ್’ ಎಂಬ ಫಲಕ ಕಂಡ ದಿನ.

ಇವರ ಬಳಿ 2001ರ ಒಂದು ಫೋರ್ಡ್ ಎಫ್-150 ಪಿಕಪ್ ಟ್ರಕ್ ಇದೆ. ಗಣೇಶನ ಹಬ್ಬಕ್ಕೆ ಮಂಟಪ ಸಾಗಿಸಬೇಕೆ, ರಾಜ್ಯೋತ್ಸವಕ್ಕೆ ಮೇಜು ಕುರ್ಚಿ ತರಬೇಕೆ, ಹೊಸದಾಗಿ ಬಂದಿಳಿದ ಸಂಸಾರದ ಸೋಫಾ ಮಹಡಿ ಮನೆಗೆ ಹೋಗಬೇಕೆ, ಕನ್ನಡ ಕೂಟದವರೆಲ್ಲ ಇವರಿಗೇ ಫೋನ್ ಮಾಡುತ್ತಾರೆ. ಹೀಗೆ ಸಾರ್ವಜನಿಕ ಸೇವೆಯಲ್ಲಿದ್ದ ಟ್ರಕ್ಕು ಒಂದು ಜನವರಿಯಲ್ಲಿ ಸಿಹಿ ವಾಸನೆ ಬೀರತೊಡಗಿತು. ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡಿನ ಮಂಜು. ಒರೆಸಿದರೆ ಇನ್ನಷ್ಟು ಮಸುಕು.

“ರೀ, ಕಾಲೆಲ್ಲ ಒದ್ದೆ,” ಎಂದರು ಪಕ್ಕದ ಸೀಟಿನಲ್ಲಿದ್ದ ಮನೆಯವರು.

“ಬೂಟಿನ ಹಿಮ ಕರಗಿರಬೇಕು.”

“ನಾನು ಬೂಟು ಬಿಚ್ಚಿಟ್ಟಿದೀನಿ. ಸಾಕ್ಸ್ ಒದ್ದೆ ಆಗಿದೆ.”

ಬೇರೆಯವರಾಗಿದ್ದರೆ ಇಷ್ಟಕ್ಕೆ ವರ್ಕ್‌ಶಾಪಿನ ದಾರಿ ಹಿಡಿಯುತ್ತಿದ್ದರು. ಸ್ವಯಂಪಾಕಿಯ ಮುಖ ಮಾತ್ರ ಬೆಳಗಿತು. ಅಂದು ರಾತ್ರಿಯೇ ತನಿಖೆ ಆರಂಭ. ಆರೋಪಿಗಳು ಮೂವರು: ಗಾಜಿನ ಅಂಚಿನಿಂದ ಜಿನುಗುವ ಕರಗಿದ ಹಿಮ, ಕಟ್ಟಿಕೊಂಡ ಏಸಿ ಡ್ರೈನು, ಹೀಟರ್ ಕೋರು. ಇವರು ಟಾರ್ಚ್ ಕಚ್ಚಿಕೊಂಡು, ಕಾರ್ಪೆಟ್ಟಿನ ತುದಿಯೆತ್ತಿ, ಬೆರಳದ್ದಿ ಮೂಸಿದರು. ಮೊದಲಿಬ್ಬರದಾದರೆ ಬರಿಯ ನೀರು, ವಾಸನೆಯಿಲ್ಲ, ಅಂಟಿಲ್ಲ. ಇದು ಅಂಟಂಟು, ಸಿಹಿ ಘಮ. ಕೂಲಂಟ್ ಎಂಬುದು ಖಚಿತವಾಯಿತು. ಸಂತೋಷ ತಡೆಯಲಾರದೆ ಮೈಸೂರಿಗೆ ಫೋನ್ ಮಾಡಿದರು.

“ಸಿಹಿ ವಾಸನೆ ಅಂತೀಯಲ್ಲೋ, ಇರುವೆ ಮುತ್ತಿಲ್ವಾ?” ಅಂದರು ತಾಯಿ.

“ಇಲ್ಲಿ ಮೈನಸ್ ಹದಿನೈದಮ್ಮ. ಇರುವೆ ಎಲ್ಲಿಂದ ಬರುತ್ತೆ? ಅದೂ ಅಲ್ದೆ ಇದು ಎಥಿಲೀನ್ ಗ್ಲೈಕಾಲ್, ವಿಷ. ನಾಯಿ ಬೆಕ್ಕು ನೆಕ್ಕಿದ್ರೆ ಸತ್ತೇಹೋಗುತ್ವೆ.”

“ಮತ್ತೆ ನೀನ್ಯಾಕಪ್ಪ ಮೂಸೋಕ್ ಹೋದೆ?”

ಆ ಭಾನುವಾರದ ಊಟದ ಕೂಟದಲ್ಲಿ ಬಿಸಿಬೇಳೆಭಾತಿನ ಜೊತೆ ಹೀಟರ್ ಕೋರಿನ ಪ್ರವಚನವೂ ಬಡಿಸಲ್ಪಟ್ಟಿತು. ಇಂಜಿನ್ನಿನ ಬಿಸಿ ಕೂಲಂಟ್ ಒಂದು ಹೋಸ್ ಪೈಪಿನಲ್ಲಿ ಫೈರ್‌ವಾಲ್ ಎಂಬ ನಡುಗೋಡೆ ದಾಟಿ ಒಳಗೆ ಬರುತ್ತದೆ, ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿನಂಥ ಈ ಕೋರಿನಲ್ಲಿ ಸುತ್ತಿ ಇನ್ನೊಂದು ಪೈಪಿನಲ್ಲಿ ಹಿಂದಿರುಗುತ್ತದೆ, ಅದರ ಮೇಲೆ ಹಾಯುವ ಗಾಳಿಯೇ ನಮ್ಮ ಪಾದ ಬೆಚ್ಚಗಿಡುವುದು. ಎರಡೂ ಪೈಪು ಬಿಸಿಯಿದ್ದರೆ ಹರಿವು ಸರಿಯಿದೆ, ಒಂದು ತಣ್ಣಗಿದ್ದರೆ ಕೋರು ಕಟ್ಟಿಕೊಂಡಿದೆ.

ಕೂಟದಲ್ಲಿ ಸಲಹೆಗಾರರಿಗೆ ಬರವೇ? ಒಬ್ಬರು, “ಸೋರಿಕೆ ಮುಚ್ಚೋ ಬಾಟಲಿ ಸಿಗುತ್ತೆ, ರೇಡಿಯೇಟರಿಗೆ ಸುರಿದುಬಿಡಿ,” ಎಂದರು. “ತೂತೂ ಮುಚ್ಚುತ್ತೆ, ಸಣ್ಣ ಕೊಳವೆಗಳೂ ಮುಚ್ಚುತ್ವೆ,” ಎಂದು ಇವರು ತಳ್ಳಿಹಾಕಿದರು. ಇನ್ನೊಬ್ಬರು, “ಎರಡೂ ಪೈಪನ್ನ ಹೊರಗಡೆನೇ ಒಂದಕ್ಕೊಂದು ಸೇರಿಸಿ, ಕೋರನ್ನ ಬೈಪಾಸ್ ಮಾಡಿ ಸಾರ್,” ಎಂದರು. ಬೇಸಿಗೆಗಾದರೆ ಆದೀತು, ಮಿಷಿಗನ್ನಿನ ಜನವರಿಯಲ್ಲಿ ಗಾಜಿನ ಮಂಜು ಕರಗಿಸುವವರು ಯಾರು? ಬಾನೆಟ್ಟು ತೆರೆದು ನೋಡಿಯೇ ಇರದ ಮೂರನೆಯವರು ಹಪ್ಪಳ ಮುರಿಯುತ್ತ, “ವಾರಂಟಿ ಇಲ್ವಾ?” ಎಂದರು. ಆ ಪ್ರಶ್ನೆಗೆ ಇವರು ಉತ್ತರ ಕೊಡಲಿಲ್ಲ.

ಪ್ರವಚನದಲ್ಲಿ ಒಂದು ಅಧ್ಯಾಯ ಮಾತ್ರ ಬಿಟ್ಟುಹೋಯಿತು. ಕೂಲಂಟನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಇಲ್ಲದಿದ್ದರೆ ಅದರ ತುಕ್ಕುನಿರೋಧಕ ಸತ್ವ ಮುಗಿದು, ದ್ರವ ಆಮ್ಲೀಯವಾಗಿ, ಅಲ್ಯೂಮಿನಿಯಂ ಕೋರನ್ನು ಒಳಗಿನಿಂದಲೇ ತಿನ್ನುತ್ತದೆ. ಸ್ವಯಂಪಾಕಿ ಕೂಲಂಟ್ ಬದಲಿಸಿದ್ದೇ ಇಲ್ಲ. ಮಟ್ಟ ಇಳಿದಾಗಲೆಲ್ಲ ಉಳಿತಾಯದ ದೃಷ್ಟಿಯಿಂದ ಕೈತೋಟದ ಪೈಪಿನಲ್ಲಿ ನಲ್ಲಿನೀರು ಬಿಟ್ಟಿದ್ದರು.

ಬಿಡಿಭಾಗದ ಅಂಗಡಿಗಳು ಇಲ್ಲಿ ಮುಂಗಡ ಹಣ ಇಟ್ಟುಕೊಂಡು ಉಪಕರಣಗಳನ್ನು ಎರವಲು ಕೊಡುತ್ತವೆ; ಹಿಂದಿರುಗಿಸಿದರೆ ಹಣ ವಾಪಸ್. ಇದು ತಮಗಾಗಿಯೇ ಹುಟ್ಟಿದ ಧರ್ಮ ಎಂದು ಸ್ವಯಂಪಾಕಿ ನಂಬಿದ್ದಾರೆ. ಪ್ರೆಷರ್ ಟೆಸ್ಟರ್ ಬಂತು. ತಣ್ಣಗಿನ ಕೂಲಂಟ್ ಟ್ಯಾಂಕಿಗೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ, ಅಂದರೆ 16 ಪೌಂಡ್ ಒತ್ತಡಕ್ಕೆ ಪಂಪ್ ಮಾಡಿದರು. ಮುಳ್ಳು ಮೆಲ್ಲಗೆ ಇಳಿಯಿತು, ಇಂಜಿನ್ನಿನ ಕೆಳಗೆ ಒಂದು ಹನಿಯೂ ಇಲ್ಲ, ಕಾರ್ಪೆಟ್ಟಿನ ಮೇಲೆ ಟಪ್ ಟಪ್. “ನಾನು ಹೇಳ್ಲಿಲ್ವಾ!” ಎಂದು ಕೂಗಿದರು. ಗ್ಯಾರೇಜಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅನಂತರ ಇವರಿಗೆ ತಿಳಿದ ಸಂಗತಿಯೊಂದು ಇವರನ್ನು ಕೊಂಚ ಅಲುಗಿಸಿತು. 1996ರ ಮಾದರಿಯವರೆಗಿನ ಎಫ್-150ಯಲ್ಲಿ ಗ್ಲೋವ್ ಬಾಕ್ಸ್ ತೆಗೆದು ಕೆಲವು ಸ್ಕ್ರೂ ಬಿಚ್ಚಿದರೆ ಹೀಟರ್ ಕೋರು ಕೈಗೇ ಬರುತ್ತದೆ. 1997ರ ಹೊಸ ವಿನ್ಯಾಸದಿಂದ ಮುಂದಕ್ಕೆ ಡ್ಯಾಶ್‌ಬೋರ್ಡನ್ನೇ ಕಳಚಬೇಕು. ಕೋರಿನ ಬೆಲೆ ನೂರು ಡಾಲರಿನೊಳಗೆ, ಅದನ್ನು ತಲುಪುವ ಕೂಲಿ ಸಾವಿರದ ಮೇಲೆ. “ಸಾವಿರ ಡಾಲರ್ ಉಳಿಯಿತು!” ಎಂದು ಇವರು ಲೆಕ್ಕ ಹಾಕಿದರು.

ಮಡಿ ಕೆಟ್ಟದ್ದು ಒಂದೇ ಕಡೆ. ಕೋರಿನ ಪೆಟ್ಟಿಗೆ ಹೊರತೆಗೆಯಲು ಏಸಿ ಪೈಪನ್ನೂ ಬಿಚ್ಚುವುದೆಂದು ಇವರು ತೀರ್ಮಾನಿಸಿದರು. ಒಳಗಿನ ಅನಿಲವನ್ನು ಗಾಳಿಗೆ ಬಿಡುವುದು ಅಮೆರಿಕದ ಕಾನೂನಿನಲ್ಲಿ ಅಪರಾಧ. ಯಂತ್ರವಿರುವ ವರ್ಕ್‌ಶಾಪಿನಲ್ಲೇ ತೆಗೆಸಬೇಕು. ಇವರು ಕತ್ತಲಾದ ಮೇಲೆ ಹೋಗಿ ತೆಗೆಸಿಕೊಂಡು ಬಂದರು.

ಬ್ಯಾಟರಿ ಕಳಚಿ, ಏರ್‌ಬ್ಯಾಗಿನ ಚಾರ್ಜ್ ಇಳಿಯಲೆಂದು ಕಾದು, ಕೆಲಸಕ್ಕೆ ಇಳಿದರು. ಸ್ಟಿಯರಿಂಗ್ ಕಾಲಂ ಇಳಿಯಿತು, ರೇಡಿಯೋ ಬಂತು, ವೈರುಗಳು ಬಂದವು, ಸ್ಕ್ರೂಗಳು ಬರುತ್ತಲೇ ಇದ್ದವು. ಅವನ್ನು ಬಿಚ್ಚಿದ ಕ್ರಮದಲ್ಲೇ ಇಡಲು ಇಡ್ಲಿ ತಟ್ಟೆಗಳು ಗ್ಯಾರೇಜಿಗೆ ಬಂದವು; ಗುಳಿಗೊಂದು ಜಾತಿ. ಹಳೆಯ ಕೂಲಂಟ್ ಹಿಡಿಯಲು ಕಣಕ ಕಲಸುವ ಬೋಗುಣಿಗೂ ಕೈ ಹಾಕಿದರು. “ಅದು ವಿಷ ಅಂತ ಅತ್ತೆಗೆ ನೀವೇ ಹೇಳಿದ್ರಲ್ಲ!” ಎಂದು ಮನೆಯವರು ಬೋಗುಣಿ ಕಸಿದುಕೊಂಡರು. ಶುಕ್ರವಾರ ರಾತ್ರಿ ಬಿಚ್ಚಿದ್ದು ಭಾನುವಾರ ಸಂಜೆಗೆ ಕೂಡಿತು. ಆ ಮನೆಯಲ್ಲಿ ಆ ಭಾನುವಾರ ಇಡ್ಲಿಯಿರಲಿಲ್ಲ.

ಹೊಸ ಕೂಲಂಟು, ಬಟ್ಟಿ ಇಳಿಸಿದ ನೀರು ಅರ್ಧಕ್ಕರ್ಧ. ಮೈನಸ್ 37 ಡಿಗ್ರಿಯವರೆಗೂ ಹೆಪ್ಪುಗಟ್ಟದು. ಮನೆಮುಂದಿನ ಇಳಿಜಾರಿನಲ್ಲಿ ಟ್ರಕ್ಕಿನ ಮೂತಿ ಮೇಲಾಗುವಂತೆ ನಿಲ್ಲಿಸಿ, ಹೀಟರ್ ಪೂರ್ತಿ ತಿರುಗಿಸಿ, ಸಿಕ್ಕಿಕೊಂಡ ಗಾಳಿಯೆಲ್ಲ ಗುಳುಗುಳು ಎಂದು ಹೋಗುವವರೆಗೆ ಕಾದರು. ಬಿಸಿಗಾಳಿ ಬಂತು! ಇಡ್ಲಿ ತಟ್ಟೆಯ ಮೂರು ಗುಳಿಗಳಲ್ಲಿ ಸ್ಕ್ರೂ ಉಳಿದಿದ್ದವು. “ಕಂಪನಿಯೋರು ಜಾಸ್ತಿ ಹಾಕಿರ್ತಾರೆ,” ಎಂದರು. ಉಳಿತಾಯದ ಲೆಕ್ಕಕ್ಕೆ ಹೊಸದಾಗಿ ಕೊಂಡ ಸಾಕೆಟ್ ಸೆಟ್ಟಾಗಲಿ, ಅನಿಲ ತೆಗೆಸಿ ಮತ್ತೆ ತುಂಬಿಸಿದ ಖರ್ಚಾಗಲಿ, ಹೊಸ ಇಡ್ಲಿ ತಟ್ಟೆಯಾಗಲಿ ಸೇರಲಿಲ್ಲ. ಆದರೂ ಇವರು ಬದಲಾದರು ಎನ್ನಬೇಕು. “ಕೈ ಕೆಲಸಕ್ಕೆ ಇರೋ ಬೆಲೆ ನಮ್ಮ ಜನಕ್ಕೆ ಗೊತ್ತಿಲ್ಲ. ಒಂದು ಡ್ಯಾಶ್‌ಬೋರ್ಡ್ ಬಿಚ್ಚಿ ನೋಡ್ಲಿ, ಆಗ ಮೆಕ್ಯಾನಿಕ್‌ಗೆ ಕೈ ಮುಗೀತಾರೆ,” ಎಂದು ಆ ಯುಗಾದಿ ಕೂಟದಲ್ಲಿ ಕಣ್ಣರಳಿಸಿ ಹೇಳಿದರು. ಕೇಳಿದವರು ಚಪ್ಪಾಳೆ ತಟ್ಟಿದರು.

ಬೇಸಿಗೆ ರಜೆಗೆ ಮೈಸೂರಿಗೆ ಹೋದಾಗ ತಂದೆಯ ಹಳೆಯ ಕಾರಿನ ರೇಡಿಯೇಟರ್ ಹೋಸ್ ಸೋರುತ್ತಿತ್ತು. ಮೂಲೆಯ ಗ್ಯಾರೇಜಿನಲ್ಲಿ ಇವರು ಸ್ಟೂಲಿನ ಮೇಲೆ ಕುಳಿತು ಕಾಫಿ ತರಿಸಿಕೊಂಡರು. ಹುಡುಗ ಕಾರಿನಡಿ ನುಸುಳಿ, ಹೊರಬಂದು, ಕೈಯೊರೆಸಿಕೊಂಡು, “ಪೈಪ್ ಬಿಟ್ಟು ಮಜೂರಿ ನಾನೂರಾಗುತ್ತೆ ಸಾರ್,” ಎಂದ.

“ನಾನೂರಾ! ಎರಡು ಕ್ಲಿಪ್ ಬಿಚ್ಚಿ ಹಾಕೋದಕ್ಕಾ? ಏನಯ್ಯಾ ಇದು!”

“ಹಂಗಾದ್ರೆ ಸ್ಪ್ಯಾನರ್ ಕೊಡ್ತೀನಿ, ನೀವೇ ಹಾಕ್ಕೊಳಿ ಸಾರ್.”

ಸ್ವಯಂಪಾಕಿ ಕಾರಿನ ಕೆಳಗಿನ ಕೆಸರು ನೋಡಿದರು, ತಮ್ಮ ಬಿಳಿಯ ಷರಟು ನೋಡಿಕೊಂಡರು, ಕಾಫಿ ಲೋಟ ಕೆಳಗಿಟ್ಟರು.

“ಮುನ್ನೂರು ಮಾಡ್ಕೊಳಪ್ಪ,” ಎಂದರು.