ಚಿತ್ರದುರ್ಗದ ಕೋಟೆ: ಹಾವೇರಿ ಸೀಮೆಯ ಶಾಲಾ ಪ್ರವಾಸದ ಹಿನ್ನೆಲೆಯಲ್ಲಿ ಒಂದು ಮರುಶೋಧನೆ

ಚಿತ್ರದುರ್ಗದ ಗುಡ್ಡದ ಮೇಲಿನ ಕೋಟೆಯನ್ನು ಪಾಳೆಯಗಾರರು ಶತ್ರುಗಳ ಭಯದಿಂದ ಬಲಪಡಿಸಿದರೆಂಬುದು ಪೂರ್ವಪಕ್ಷ. 1568ರಿಂದ 1779ರವರೆಗೆ ಆಳಿದ ಮನೆತನವೊಂದು ಇನ್ನೂರು ವರ್ಷ ಬರೀ ಹೆದರುತ್ತ ಕೂತಿತ್ತೆಂದು ನಂಬಲು ಪ್ರಸ್ತುತ ಸಂಶೋಧಕನಿಗೆ ಮನಸ್ಸಿಲ್ಲ. ಕೋಟೆ ಎದ್ದದ್ದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಶಾಲಾ ಪ್ರವಾಸಗಳಿಗಾಗಿ. ಇದು ಸಿದ್ಧಾಂತ.

ಬಾಗಿಲುಗಳನ್ನೇ ಪರಿಶೀಲಿಸೋಣ. ಅವು ನೇರಕ್ಕಿಲ್ಲ, ತಿರುವು ಮುರುವಾಗಿವೆ. ಆನೆ ಓಡಿಬಂದು ಕದಕ್ಕೆ ಗುದ್ದಬಾರದೆಂದು ಹೀಗೆ ಮಾಡಿದರಂತೆ. ಡಿಸೆಂಬರಿನಲ್ಲಿ ಬ್ಯಾಡಗಿಯ ಏಳನೇ ಇಯತ್ತೆಯ ಹುಡುಗರು ಬಸ್ಸಿನಿಂದ ಇಳಿಯುವುದನ್ನು ಕಂಡವರಿಗೆ ಆನೆ ಎಷ್ಟು ಸಾಧು ಪ್ರಾಣಿಯೆಂಬುದು ಗೊತ್ತು. ತಿರುವುಗಳಿರುವುದು ಮಾಸ್ತರರು ನಿಂತು ತಲೆ ಎಣಿಸಲಿಕ್ಕೆ.

"ಸರ್ರ, ಒಬ್ಬಾಂವ ಕಡಿಮಿ ಅದಾನ್ರೀ."

"ಹಿಂದಿನ ಬಾಗಿಲದಾಗ?"

"ಅಲ್ಲೂ ಕಡಿಮಿನ ಇದ್ದಾರೀ."

ಕೋಟೆಗೆ ಏಳು ಸುತ್ತು ಯಾಕೆಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಮದ್ದು ಅರೆಯುತ್ತಿದ್ದರೆನ್ನುವ ಭಾರೀ ಬೀಸುವ ಕಲ್ಲುಗಳ ಮುಂದೆ ಬ್ಯಾಡಗಿಯವರು ಹೆಚ್ಚು ಹೊತ್ತು ನಿಲ್ಲುತ್ತಾರೆ. ಇವುಗಳಲ್ಲಿ ದಿನಕ್ಕೆ ಎಷ್ಟು ಕ್ವಿಂಟಲ್ ಖಾರಪುಡಿ ಇಳಿದೀತೆಂಬ ಚರ್ಚೆ ಅಲ್ಲಿ ಇಂದಿಗೂ ಬಗೆಹರಿದಿಲ್ಲ. ನಾಯಕರು ಮದ್ದಿನ ಬದಲು ಬ್ಯಾಡಗಿ ಮೆಣಸಿನಕಾಯಿ ಅರೆಸಲಿಲ್ಲವೇಕೆ? ಅದು ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಹೈದರಾಲಿಯ ಸೈನ್ಯ ಕೆಂಪಾಗುತ್ತಿತ್ತು, ಹಿಂದಕ್ಕೆ ಹೋಗುತ್ತಿರಲಿಲ್ಲ.

ಓಬವ್ವನ ಕಿಂಡಿಯ ಪ್ರಕರಣ ಇನ್ನೂ ಸ್ಪಷ್ಟ. 1972ರ 'ನಾಗರಹಾವು' ಬಂದ ಮೇಲೆ ಓಬವ್ವನಿಗೆ ಜಯಂತಿಯವರ ಮುಖವೇ ಇತ್ತೆಂಬುದನ್ನು ನಮ್ಮ ಸೀಮೆ ಸರ್ವಾನುಮತದಿಂದ ಒಪ್ಪಿದೆ. ವಿದ್ವಾಂಸರು ಗಮನಿಸದ ಸಂಗತಿ ಬೇರೆಯಿದೆ: ಕಾವಲಿನವನು ಊಟಕ್ಕೆ ಕೂತಾಗಲೇ ವೈರಿ ನುಗ್ಗಿದ್ದು. ಇಂದಿಗೂ ಬುತ್ತಿ ಬಿಚ್ಚಿದ ಕ್ಷಣಕ್ಕೇ ದಾಳಿ. ಹೈದರನ ಕೆಲಸವನ್ನು ಈಗ ಮಂಗಗಳು ವಹಿಸಿಕೊಂಡಿವೆ. ಒನಕೆ ಹಿಡಿದವರು ಮಾತ್ರ ಯಾರೂ ಇಲ್ಲ. ರಾಣೆಬೆನ್ನೂರಿನಿಂದ ಬಂದ ಶೇಂಗಾ ಹೋಳಿಗೆಯ ಡಬ್ಬಿ ಬಂಡೆ ಏರಿ ಕೂತರೆ ಅದನ್ನು ಇಳಿಸುವ ವಿದ್ಯೆ ಯಾವ ಗ್ರಂಥದಲ್ಲೂ ಇಲ್ಲ.

ಕೊನೆಗೊಂದು ಆಕ್ಷೇಪ: ಹಾವೇರಿ ಜಿಲ್ಲೆಯಲ್ಲೇ ಬಂಕಾಪುರದ ಕೋಟೆಯಿದೆಯಲ್ಲ? ಇದೆ. ಊರಿಗೆ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರು, ಒಳಗೆ ನಗರೇಶ್ವರನ ಅರವತ್ತು ಕಂಬದ ಗುಡಿ, ಸುತ್ತ ನವಿಲುಧಾಮ. ಆದರೆ ನೆಲ ಸಪಾಟು, ಏದುಸಿರು ಬರುವುದಿಲ್ಲ. ಬೆಳಿಗ್ಗೆ ಹೋದವರು ಮಧ್ಯಾಹ್ನದ ಬಿಸಿಯೂಟಕ್ಕೆ ಶಾಲೆಗೆ ವಾಪಸಾಗಬಹುದು. ಇದನ್ನು ಪ್ರವಾಸವೆಂದು ಯಾವ ಪಾಲಕರೂ ದುಡ್ಡು ಕೊಡರು. ಆದಕಾರಣ ಬಂಕಾಪುರದ ಕೋಟೆಯನ್ನು ನವಿಲುಗಳಿಗಾಗಿಯೇ ಕಟ್ಟಿದ್ದೆಂದು ತೀರ್ಮಾನಿಸಲಾಗಿದೆ.